ಸಿಲಿಂಡರ್ ಹೆಡ್ಡಿನ ಮುಖಸಂಸ್ಕಾರ

ಬೇಸಗೆಯ ಕೊನೆಯ ವಾರಗಳಲ್ಲಿ ಸಿಂಧನೂರು, ಗಂಗಾವತಿ, ದಾವಣಗೆರೆ, ಮಂಡ್ಯ ಮೊದಲಾದ ನೀರಾವರಿ ಸೀಮೆಯ ಊರುಗಳಲ್ಲಿ ಸಂಚರಿಸುವವರಿಗೆ, ಬಾನೆಟ್ಟು ಕಳಚಿ, ರೇಡಿಯೇಟರು ಬಿಚ್ಚಿ, ಎಂಜಿನಿನ ಮೇಲ್ಭಾಗವನ್ನು ಬಯಲಿಗೆ ತೆರೆದುಕೊಂಡು ಗ್ಯಾರೇಜಿನ ಮುಂದೆ ನಿಂತಿರುವ ಹಳೆಯ ಟ್ರ್ಯಾಕ್ಟರುಗಳು ಅಪರೂಪದ ದೃಶ್ಯವೇನಲ್ಲ. ಮಳೆ ಬಿದ್ದು ಕಾಲುವೆಗೆ ನೀರು ಬರುವುದರೊಳಗಾಗಿ ಈ ಯಂತ್ರಗಳನ್ನು ಮತ್ತೆ ಉಳುಮೆಗೆ ಸಿದ್ಧಪಡಿಸಬೇಕು. ಆ ಅವಸರದಲ್ಲಿ ಲೈನರು, ಪಿಸ್ಟನ್ನು, ಬೇರಿಂಗುಗಳ ಬೆಲೆಯ ಮಾತು ಎಷ್ಟು ನಡೆಯುತ್ತದೆಯೋ ಅಷ್ಟು ಗಮನಕ್ಕೆ ಬಾರದೆ, 'ಹೆಡ್ ಫೇಸಿಂಗ್ ಒಂದು ಹೊಡೆಸಿಕೊಂಡು ಬನ್ನಿ' ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುವ ಕೆಲಸವೊಂದಿದೆ: ಸಿಲಿಂಡರ್ ಹೆಡ್ಡಿನ ಕೆಳಮುಖವನ್ನು ಕಡಿದು ಸಮತಲ ಮಾಡುವುದು. ಎಂಜಿನಿನ ಪುನರ್ನಿರ್ಮಾಣದಲ್ಲಿ ಇಷ್ಟು ಅಲ್ಪವೆಂದು ಕಾಣುವ, ಆದರೆ ಇಷ್ಟು ನಿಷ್ಕೃಷ್ಟತೆಯನ್ನು ಬೇಡುವ ಕಾರ್ಯ ಇನ್ನೊಂದಿರಲಾರದೆಂದು ನನಗೆ ತೋರುವುದರಿಂದ, ಅದರ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕೆಂದಿದ್ದೇನೆ.

ಉದಾಹರಣೆಗೆ ನಮ್ಮ ರೈತರಿಗೆ ಚಿರಪರಿಚಿತವಾದ ಒಂದು ಯಂತ್ರವಂಶವನ್ನೇ ತೆಗೆದುಕೊಳ್ಳೋಣ. ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾಗುತ್ತಿದ್ದ ಮ್ಯಾಸ್ಸಿ ಫರ್ಗ್ಯುಸನ್ 35 ಎಂಬ ಟ್ರ್ಯಾಕ್ಟರಿಗೆ, ಪೀಟರ್‌ಬರೋ ನಗರದ ಪರ್ಕಿನ್ಸ್ ಕಾರ್ಖಾನೆಯ ಮೂರು ಸಿಲಿಂಡರುಗಳ ಡೀಸೆಲ್ ಎಂಜಿನನ್ನು ಅಳವಡಿಸಲಾರಂಭಿಸಿದ್ದು 1959ರ ಸುಮಾರಿಗೆ. ಅದೇ ವರ್ಷ ಪರ್ಕಿನ್ಸ್ ಸಂಸ್ಥೆಯೂ ಮ್ಯಾಸ್ಸಿ ಫರ್ಗ್ಯುಸನ್ನಿನ ಒಡೆತನಕ್ಕೆ ಬಂದಿತು. 1960ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಟ್ಯಾಫೆ ಕಂಪನಿಯ ಮೂಲಕ ಈ ವಂಶದ ಟ್ರ್ಯಾಕ್ಟರುಗಳು ದಕ್ಷಿಣ ದೇಶದ ಹೊಲಗದ್ದೆಗಳಿಗೆ ಇಳಿದವು. ಪರ್ಕಿನ್ಸ್ ವಿನ್ಯಾಸದ ಎಂಜಿನುಗಳನ್ನು ಅದೇ ಮದರಾಸಿನ ಸಿಂಪ್ಸನ್ ಕಂಪನಿ ನಮ್ಮಲ್ಲಿಯೇ ತಯಾರಿಸಿತು. ಆ ಇಂಗ್ಲಿಷ್ ಎಂಜಿನಿನ ಒಂದೊಂದು ಸಿಲಿಂಡರಿನ ವ್ಯಾಸ 91.4 ಮಿಲಿಮೀಟರು, ಪಿಸ್ಟನ್ನಿನ ಓಟ 127 ಮಿಲಿಮೀಟರು. ಮೂರೂ ಸೇರಿ ಎರಡೂವರೆ ಲೀಟರಿನ ಗಾತ್ರ. ಅರ್ಧ ಶತಮಾನ ದುಡಿದ ಮೇಲೂ ಈ ಮಾದರಿಯ ಎಂಜಿನುಗಳು ಇಂದಿಗೂ ಗ್ಯಾರೇಜಿಗೆ ಬರುತ್ತಿವೆಯೆಂದರೆ, ಅವುಗಳ ಎರಕದ ಉತ್ತಮಿಕೆಯೂ ನಮ್ಮ ಮೇಸ್ತ್ರಿಗಳ ಕೈಗುಣವೂ ಎರಡೂ ಅದಕ್ಕೆ ಕಾರಣ.

ಡೀಸೆಲ್ ಎಂಜಿನಿನಲ್ಲಿ ಕಿಡಿ ಹಚ್ಚುವ ಪ್ಲಗ್ಗಿಲ್ಲವೆಂಬುದು ಎಲ್ಲರಿಗೂ ತಿಳಿದ ಸಂಗತಿ. ಸಿಲಿಂಡರಿನೊಳಕ್ಕೆ ಎಳೆದುಕೊಂಡ ಗಾಳಿಯನ್ನು ಪಿಸ್ಟನ್ನು ಮೇಲೇರುತ್ತ ಸುಮಾರು 17ರಲ್ಲಿ ಒಂದು ಭಾಗದಷ್ಟು ಸ್ಥಳಕ್ಕೆ ಅದುಮಿದಾಗ, ಆ ಅದುಮುವಿಕೆಯಿಂದಲೇ ಗಾಳಿ ನೂರಾರು ಡಿಗ್ರಿಗಳವರೆಗೆ ಕಾಯ್ದು, ಅದರೊಳಕ್ಕೆ ನಾಝಲ್ ಮಂಜಿನಂತೆ ಸಿಂಪಡಿಸಿದ ಎಣ್ಣೆ ತಾನಾಗಿ ಹೊತ್ತಿಕೊಳ್ಳುತ್ತದೆ. ಉರಿದ ಅನಿಲದ ಒತ್ತಡವು ಶಿಖರದಲ್ಲಿ ಚದರ ಸೆಂಟಿಮೀಟರಿಗೆ 70 ಕಿಲೋಗ್ರಾಂ ಎಂದಿಟ್ಟುಕೊಂಡರೂ, ಒಂದು ಸಿಲಿಂಡರಿನ ಮೇಲಿರುವ ಹೆಡ್ಡಿನ ಭಾಗವನ್ನು ಮೇಲಕ್ಕೆ ನೂಕುವ ಬಲ ನಾಲ್ಕೂವರೆ ಟನ್ನಿನಷ್ಟಾಗುತ್ತದೆ. ಎಂಜಿನು ನಿಮಿಷಕ್ಕೆ 1500 ಸುತ್ತು ತಿರುಗುವಾಗ ಈ ಆಘಾತ ಪ್ರತಿಯೊಂದು ಸಿಲಿಂಡರಿನಲ್ಲಿಯೂ ನಿಮಿಷಕ್ಕೆ 750 ಸಲ ಒದಗುತ್ತದೆ. ಇದನ್ನೆಲ್ಲ ತಡೆದು ನಿಲ್ಲಿಸತಕ್ಕದ್ದು ಯಾವುದು? ಕೆಳಗೆ ಬ್ಲಾಕಿನ ಮೇಲ್ಮುಖ, ಮೇಲೆ ಹೆಡ್ಡಿನ ಕೆಳಮುಖ, ನಡುವೆ ಒಂದೆರಡು ಮಿಲಿಮೀಟರಿಗೆ ಮೀರದ ಗ್ಯಾಸ್ಕೆಟ್ಟು, ಮತ್ತು ಇವನ್ನು ಬಿಗಿದ ಸ್ಟಡ್ಡುಗಳು. ಅದೇ ಗ್ಯಾಸ್ಕೆಟ್ಟಿನ ಮೂಲಕವೇ, ಬೆಂಕಿಯಿಂದ ಒಂದೆರಡು ಬೆರಳಗಲದ ದೂರದಲ್ಲಿ, ತಂಪಿನ ನೀರೂ ಜಾರುವ ಎಣ್ಣೆಯೂ ಬ್ಲಾಕಿನಿಂದ ಹೆಡ್ಡಿಗೆ ಏರಿ ಹೋಗಬೇಕು. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದೇ ಸಂದಿಯಲ್ಲಿ, ಒಂದಕ್ಕೊಂದು ಸೋಂಕದೆ ಇರಬೇಕಾದರೆ ಆ ಎರಡು ಮುಖಗಳು ಪರಿಪೂರ್ಣ ಸಮತಲವಾಗಿರುವುದರ ಹೊರತು ಬೇರೆ ಉಪಾಯವಿಲ್ಲ.

ಇಂತಹ ಮುಖ ಸೊಟ್ಟಾಗುವುದಕ್ಕೆ ಬಹುಮಟ್ಟಿಗೆ ಅತಿಯಾದ ಕಾವೇ ಕಾರಣ. ಕೆಸರುಗದ್ದೆಯಲ್ಲಿ ದಿನವಿಡೀ ರೊಳ್ಳಿ ಹೊಡೆಯುವಾಗ, ಇಲ್ಲವೆ ಒಕ್ಕಣೆಯ ಯಂತ್ರಕ್ಕೆ ಬೆಲ್ಟು ಕೊಟ್ಟು ನಿಂತಲ್ಲೇ ದುಡಿಯುವಾಗ, ರೇಡಿಯೇಟರಿನ ಜಾಲರಿಯನ್ನು ಹೊಟ್ಟು ಧೂಳು ಮುಚ್ಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟು ಸಡಿಲಾಗಿರುತ್ತದೆ. ಬೋರ್‌ವೆಲ್ಲಿನ ಗಡುಸು ನೀರು ವರ್ಷಾನುಗಟ್ಟಲೆ ತುಂಬಿದ್ದರಿಂದ ಹೆಡ್ಡಿನ ಒಳಗಿನ ನೀರಿನ ದಾರಿಗಳಲ್ಲಿ ಸುಣ್ಣದ ಹೊಪ್ಪಳೆ ಕಟ್ಟಿ, ಲೋಹದ ಕಾವು ನೀರಿಗೆ ಇಳಿಯದಂತೆ ತಡೆಯುತ್ತದೆ. 400 ಮಿಲಿಮೀಟರ್ ಉದ್ದದ ಬೀಡುಕಬ್ಬಿಣದ ಹೆಡ್ಡು ಇರಬೇಕಾದುದಕ್ಕಿಂತ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.4 ಮಿಲಿಮೀಟರಿನಷ್ಟು ಹಿಗ್ಗಬಯಸುತ್ತದೆ. ಹಿಗ್ಗುವಿಕೆ ಎಲ್ಲೆಡೆಯೂ ಸಮವಾಗಿದ್ದರೆ ಚಿಂತೆಯಿರಲಿಲ್ಲ. ಆದರೆ ಕಾವು ಹೆಚ್ಚುವುದು ಸಿಲಿಂಡರುಗಳ ನಡುವಣ ಕಿರಿದಾದ ಸೇತುವೆಯಲ್ಲಿ, ಹೊಗೆ ಹೊರಹೋಗುವ ವಾಲ್ವಿನ ಸುತ್ತಿನಲ್ಲಿ. ಅಲ್ಲಿಯ ಲೋಹ ಹಿಗ್ಗಲು ಹವಣಿಸಿದಾಗ ಸುತ್ತಲಿನ ತಣ್ಣನೆಯ ಲೋಹವೂ ಬಿಗಿದ ಸ್ಟಡ್ಡುಗಳೂ ಎಡೆಗೊಡುವುದಿಲ್ಲ. ಹೀಗೆ ಅದುಮಿಸಿಕೊಂಡ ಭಾಗ ತಣಿದ ಮೇಲೆ ಮೊದಲಿನ ಆಕಾರಕ್ಕೆ ಹಿಂದಿರುಗದೆ ವಕ್ರವಾಗಿಯೇ ನಿಲ್ಲುತ್ತದೆ. ಕುದಿಯುವ ಎಂಜಿನಿಗೆ ಗಾಬರಿಯಿಂದ ಒಂದು ಕೊಡ ತಣ್ಣೀರು ಹೊಯ್ದರಂತೂ ವಕ್ರತೆಯೊಂದೇ ಅಲ್ಲ, ಬಿರುಕೂ ಬಿಡಬಹುದು.

ಅನಂತರದ ಲಕ್ಷಣಗಳನ್ನು ಟ್ರ್ಯಾಕ್ಟರು ಓಡಿಸುವವರು ಬೇಗನೆ ಗುರುತಿಸುತ್ತಾರೆ. ರೇಡಿಯೇಟರಿನ ಮುಚ್ಚಳ ತೆಗೆದು ಎಂಜಿನು ಚಾಲೂ ಮಾಡಿದರೆ ನೀರಿನಲ್ಲಿ ಗುಳ್ಳೆಗಳೇಳುತ್ತವೆ. ಎಲ್ಲಿಯೂ ಸೋರದಿದ್ದರೂ ನೀರು ಕಡಿಮೆಯಾಗುತ್ತದೆ. ಎಣ್ಣೆ ನೋಡುವ ಕಡ್ಡಿಯಲ್ಲಿ ಎಣ್ಣೆ ಹಾಲು ಬೆರೆಸಿದಂತೆ ಬಿಳುಪೇರಿರುತ್ತದೆ. ಬೆಳಗಿನ ಹೊತ್ತು ಎಂಜಿನು ಹಿಡಿಯುವುದೇ ಕಷ್ಟವಾಗುತ್ತದೆ. ಅನೇಕರು ಆಗ ಹೊಸ ಗ್ಯಾಸ್ಕೆಟ್ಟೊಂದನ್ನು ಹಾಕಿ ಸಮಾಧಾನಪಟ್ಟುಕೊಳ್ಳುತ್ತಾರೆ. ಸೊಟ್ಟ ಮುಖಕ್ಕೆ ಹಾಕಿದ ಹೊಸ ಗ್ಯಾಸ್ಕೆಟ್ಟು ಒಂದು ಹಂಗಾಮನ್ನೂ ಕಾಣುವುದಿಲ್ಲ.

ಹೆಡ್ಡನ್ನು ಬಿಚ್ಚುವುದಕ್ಕೂ ಒಂದು ಕ್ರಮವುಂಟು. ಎಂಜಿನು ಪೂರ್ಣ ತಣಿದಿರಬೇಕು. ನಟ್ಟುಗಳನ್ನು ಹೊರಗಿನಿಂದ ನಡುವಿಗೆ ಬರುತ್ತ, ಒಂದೊಂದನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು ತೆಗೆಯುವಾಗ ಒಂದು ಎಚ್ಚರಿಕೆಯನ್ನು ನಾನು ಒತ್ತಿ ಹೇಳಲೇಬೇಕು: ಹಳೆಯ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಸಾಮಾನ್ಯವಾಗಿತ್ತು, ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒಣಗಿದ್ದಾಗ ಕೆರೆಯದೆ, ತಂತಿಬ್ರಷ್ಷಿನ ಯಂತ್ರ ಹಿಡಿಯದೆ, ಒದ್ದೆ ಮಾಡಿ ನಿಧಾನವಾಗಿ ತೆಗೆಯತಕ್ಕದ್ದು; ಮೂಗುಬಾಯಿಗೆ ತಕ್ಕ ಮುಸುಕನ್ನೂ ಧರಿಸತಕ್ಕದ್ದು. ನಮ್ಮ ಗ್ಯಾರೇಜುಗಳಲ್ಲಿ ಈ ಕೆಲಸ ಬಹುಶಃ ಎಲ್ಲರಿಗಿಂತ ಚಿಕ್ಕ ಹುಡುಗನ ಪಾಲಿಗೆ ಬರುತ್ತದೆಂಬುದನ್ನು ನೆನೆದರೆ ನನಗೆ ದುಃಖವಾಗುತ್ತದೆ.

ತೊಳೆದು ಒರೆಸಿದ ಹೆಡ್ಡನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟ ಮೇಲೆ ಮೊದಲನೆಯ ಪರೀಕ್ಷೆ ಆರಂಭವಾಗುತ್ತದೆ. ಸಿಂಧನೂರು ಕಡೆಯ ಒಂದು ಲೇತ್ ಶಾಪಿನಲ್ಲಿ ಇದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮೇಸ್ತ್ರಿ ಉಕ್ಕಿನ ಸರಳಪಟ್ಟಿಯೊಂದನ್ನು ಅದರ ಅಂಚಿನ ಮೇಲೆ ಹೆಡ್ಡಿನ ಉದ್ದಕ್ಕೆ ನಿಲ್ಲಿಸಿ, ಆಚೆ ಬದಿಯಲ್ಲಿ ಬ್ಯಾಟರಿ ಹಿಡಿಯಲು ಹುಡುಗನಿಗೆ ಹೇಳಿ, ತಾನು ಈಚೆ ಬಗ್ಗಿ ಕಣ್ಣನ್ನು ಪಟ್ಟಿಯ ಮಟ್ಟಕ್ಕೆ ತಂದ. ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ನಡುವೆ ಬೆಳಕಿನ ಸಣ್ಣ ಎಳೆಯೊಂದು ತೂರಿಬರುತ್ತಿತ್ತು. ಫೀಲರ್ ಗೇಜಿನ ತೆಳು ತಗಡುಗಳನ್ನು ಒಂದೊಂದಾಗಿ ಅಲ್ಲಿ ತೂರಿಸಿ ನೋಡಿದ: 0.05 ಮಿಲಿಮೀಟರಿನದು ಸಲೀಸಾಗಿ ಹೋಯಿತು, 0.15ರದೂ ಹೋಯಿತು, 0.20ರದು ಬಿಗಿಯಾಗಿ ಹಿಡಿಯಿತು. ಪಟ್ಟಿಯನ್ನು ಎರಡೂ ಅಂಚುಗಳಗುಂಟ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಕತ್ತರಿಯಾಕಾರವಾಗಿ ಇಟ್ಟು, ಪ್ರತಿಯೊಂದು ಸ್ಥಾನದ ಅಳತೆಯನ್ನೂ ಸೀಮೆಸುಣ್ಣದಿಂದ ಹೆಡ್ಡಿನ ಮೇಲೆಯೇ ಬರೆದ. ಈ ವರ್ಗದ ಎಂಜಿನುಗಳಲ್ಲಿ ಅಡ್ಡಕ್ಕೆ ಸುಮಾರು 0.08, ಉದ್ದಕ್ಕೆ ಸುಮಾರು 0.15 ಮಿಲಿಮೀಟರಿಗಿಂತ ಹೆಚ್ಚು ತಗ್ಗಿದ್ದರೆ ಅದನ್ನು ಸರಿಪಡಿಸಲೇಬೇಕು. ಮನುಷ್ಯನ ತಲೆಗೂದಲಿನ ದಪ್ಪವೇ ಇದರ ಮೊದಲನೆಯ ಅಂಕಿಗೆ ಸಮೀಪವೆಂದರೆ ಎಷ್ಟು ಸೂಕ್ಷ್ಮದ ಮಾತೆಂಬುದು ಸ್ಪಷ್ಟವಾದೀತು.

ಪಕ್ಕದಲ್ಲಿ ಕುಳಿತಿದ್ದ ಟ್ರ್ಯಾಕ್ಟರಿನ ಯಜಮಾನರು, "ಎಷ್ಟ್ ಬೇಕಾದ್ರೂ ತಗೀರಿ ಮೇಸ್ತ್ರಿ, ಕನ್ನಡಿ ಹಂಗ ಆಗಬೇಕು ನೋಡ್ರಿ" ಎಂದರು.

"ಹಂಗ ತಗ್ಯಾಕ ಬರಂಗಿಲ್ರಿ ಗೌಡ್ರ. ಒಮ್ಮೆ ತಗದದ್ದು ತಿರುಗಿ ಹಚ್ಚಾಕ ಬರ್ತದೇನ್ರಿ? ಮೊದ್ಲು ಕ್ರ್ಯಾಕ್ ಐತೇನ್ ನೋಡ್ತೀನಿ, ಆಮ್ಯಾಲ ಮಿಷಿನ್ನಿಗೆ ಏರಸೋಣು."

ಬಿರುಕಿನ ಪರೀಕ್ಷೆ ಮೊದಲು, ಯಂತ್ರ ಆಮೇಲೆ ಎಂಬ ಈ ಕ್ರಮವನ್ನು ಹಿಡಿಯದೆ ಹಣ ಕಳೆದುಕೊಂಡವರು ಬಹಳ ಮಂದಿ. ಎರಡು ವಾಲ್ವುಗಳ ನಡುವಿನ ಸೇತುವೆಯಲ್ಲಿ ಕೂದಲಿಗಿಂತ ಸಣ್ಣ ಬಿರುಕಿದ್ದು ಅದು ನೀರಿನ ದಾರಿಯವರೆಗೆ ಇಳಿದಿದ್ದರೆ, ಮುಖವನ್ನು ಎಷ್ಟು ನುಣುಪು ಮಾಡಿದರೂ ವ್ಯರ್ಥವೇ. ದೊಡ್ಡ ಕಾರ್ಖಾನೆಗಳಲ್ಲಿ ನೀರಿನ ದಾರಿಗಳನ್ನೆಲ್ಲ ಮುಚ್ಚಿ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ, ಇಲ್ಲವೆ ಅಯಸ್ಕಾಂತವನ್ನೂ ಕಬ್ಬಿಣದ ಸೂಕ್ಷ್ಮ ಪುಡಿಯನ್ನೂ ಬಳಸುತ್ತಾರೆ. ಪುಡಿ ಬಿರುಕಿನ ಗೆರೆಯ ಮೇಲೆ ತಾನಾಗಿ ಸಾಲುಗಟ್ಟುತ್ತದೆ. ಇವೊಂದೂ ಇಲ್ಲದ ಕಡೆ ಸೀಮೆಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು, ಚೊಕ್ಕವಾಗಿ ಒರೆಸಿ, ಸುಣ್ಣದ ಪುಡಿ ಉದುರಿಸುವ ಹಳೆಯ ವಿಧಾನವಿದೆ: ಬಿರುಕಿನಲ್ಲಿ ಉಳಿದ ಎಣ್ಣೆ ಮೇಲೆ ಜಿನುಗಿ ಪುಡಿಯಲ್ಲಿ ಕಪ್ಪು ಗೆರೆಯನ್ನು ಮೂಡಿಸುತ್ತದೆ.

ಸಮತಲವೆಂಬುದನ್ನು ಮನುಷ್ಯನು ಲೋಹದಲ್ಲಿ ಸಾಧಿಸಿದ ಕಥೆ ತಾನೇ ಬಹು ಸ್ವಾರಸ್ಯವಾದದ್ದು. ಎರಡು ಫಲಕಗಳನ್ನು ಒಂದರ ಮೇಲೊಂದು ಇಟ್ಟು ಹೊಂದಿಸುತ್ತ ಹೋದರೆ ಅವೆರಡೂ ಚೆನ್ನಾಗಿ ಕೂಡಿಕೊಳ್ಳಬಹುದು, ಆದರೂ ಸಮತಲವಾಗಿರಲಾರವು. ಒಂದು ಉಬ್ಬಿ, ಇನ್ನೊಂದು ಅದಕ್ಕೆ ತಕ್ಕಂತೆ ತಗ್ಗಿರಬಹುದಷ್ಟೆ. ಮೂರನೆಯ ಫಲಕವೊಂದನ್ನು ತಂದು, ಮೂರೂ ಪರಸ್ಪರ ಪ್ರತಿಯೊಂದರೊಡನೆಯೂ ಕೂಡುವಂತೆ ಮಾಡಿದಾಗ ಮಾತ್ರ ಉಬ್ಬುತಗ್ಗುಗಳಿಗೆ ಅವಕಾಶವೇ ಇಲ್ಲದಂತಾಗುತ್ತದೆ. ಲಂಡನ್ನಿನಲ್ಲಿ ಹೆನ್ರಿ ಮಾಡ್ಸ್ಲೆಯ ಕಾರ್ಯಾಗಾರದಲ್ಲಿ ಪಳಗಿದ ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಈ ತತ್ತ್ವವನ್ನು 1840ರಲ್ಲಿ ಗ್ಲ್ಯಾಸ್ಗೋದಲ್ಲಿ ಸೇರಿದ್ದ ಬ್ರಿಟಿಷ್ ವಿಜ್ಞಾನಿಗಳ ಸಭೆಯ ಮುಂದೆ ವಿವರಿಸಿದನು. ಫಲಕಗಳ ನಡುವೆ ಕುರುಂದದ ಪುಡಿ ಹಾಕಿ ಉಜ್ಜುವ ಅಂದಿನ ರೂಢಿಯನ್ನು ಅವನು ಒಪ್ಪಲಿಲ್ಲ. ಪುಡಿ ಎಲ್ಲೆಡೆಯೂ ಸಮನಾಗಿ ಹರಡದೆ, ಎಲ್ಲಿ ಎಷ್ಟು ಸವೆಯಿತೆಂಬುದು ಉಜ್ಜುವವನ ವಶದಲ್ಲಿರದೆ, ಸಮತಲದ ಬದಲು ಅದರ ಭ್ರಮೆಯುಂಟಾಗುವುದೆಂದು ಅವನ ಆಕ್ಷೇಪ. ಬಣ್ಣ ಸವರಿ, ತಾಗಿದ ಉಬ್ಬುಗಳನ್ನು ಗುರುತಿಸಿ, ಕೈಯುಳಿಯಿಂದ ಅವನ್ನಷ್ಟೇ ಕೆರೆದು ತೆಗೆಯುವುದೇ ಅವನಿಗೆ ಪ್ರಿಯವಾದ ಮಾರ್ಗ.

ವಿಟ್‌ವರ್ತನ ಆ ಆಕ್ಷೇಪ ಇಂದಿನ ನಮ್ಮ ಗ್ಯಾರೇಜಿಗೂ ಅಕ್ಷರಶಃ ಅನ್ವಯಿಸುತ್ತದೆ. ಕೈಯಲ್ಲಿ ಹಿಡಿದ ಗ್ರೈಂಡರಿಗೆ ಉಜ್ಜುವ ಬಿಲ್ಲೆ ಸಿಕ್ಕಿಸಿ ಹೆಡ್ಡಿನ ಮುಖವನ್ನು ಫಳಫಳ ಹೊಳೆಯುವಂತೆ ಮಾಡಿಕೊಡುವವರಿದ್ದಾರೆ. ಹೊಳಪು ಬೇರೆ, ಸಮತಲ ಬೇರೆ. ಆ ಬಿಲ್ಲೆ ಮೆದುವಾದೆಡೆ ಹೆಚ್ಚು ತಿನ್ನುತ್ತದೆ, ನಿಂತಲ್ಲಿ ಗುಳಿ ತೋಡುತ್ತದೆ, ನೀರಿನ ರಂಧ್ರಗಳ ಅಂಚನ್ನು ಉರುಟಾಗಿಸುತ್ತದೆ. ಬಂದದ್ದಕ್ಕಿಂತ ಕೆಟ್ಟ ಸ್ಥಿತಿಯಲ್ಲಿ ಹೆಡ್ಡು ಹಿಂದಿರುಗುತ್ತದೆ. ಈ ಪದ್ಧತಿ ನಿಲ್ಲಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸರಿಯಾದ ಕೆಲಸ ಮಿಲ್ಲಿಂಗ್ ಯಂತ್ರದಲ್ಲಿಯೋ ಸರ್ಫೇಸ್ ಗ್ರೈಂಡರಿನಲ್ಲಿಯೋ ನಡೆಯತಕ್ಕದ್ದು. ವಾಲ್ವು, ಸ್ಪ್ರಿಂಗು, ನಾಝಲ್‌ಗಳನ್ನೆಲ್ಲ ತೆಗೆದು ಬರಿದಾದ ಹೆಡ್ಡನ್ನು ಯಂತ್ರದ ಮೇಜಿನ ಮೇಲೆ ಮಲಗಿಸಿ, ಡಯಲ್ ಗೇಜಿನ ಮುಳ್ಳನ್ನು ಮುಖದ ಮೇಲೆ ಓಡಿಸುತ್ತ, ನಾಲ್ಕು ಮೂಲೆಗಳೂ ಒಂದೇ ಎತ್ತರಕ್ಕೆ ಬರುವವರೆಗೆ ಕೆಳಗೆ ತೆಳುತಗಡುಗಳನ್ನು ಕೊಟ್ಟು ಹೊಂದಿಸಬೇಕು. ಯಂತ್ರ ಲೋಹ ಕಡಿಯುವ ಹೊತ್ತಿಗಿಂತ ಈ ಹೊಂದಿಕೆಗೆ ಹಿಡಿಯುವ ಹೊತ್ತೇ ಹೆಚ್ಚು; ಇಲ್ಲಿ ಆತುರಪಟ್ಟರೆ ಒಂದು ತುದಿಯಲ್ಲಿ ಅನವಶ್ಯಕವಾಗಿ ಲೋಹ ಹೋಗಿ ಹೆಡ್ಡು ಇಳಿಜಾರಾಗುತ್ತದೆ. ಬಿಗಿಯುವಾಗಲೂ ಹೆಡ್ಡು ಬಾಗದಂತೆ ನೋಡಿಕೊಳ್ಳಬೇಕು. ಬಾಗಿದ್ದಾಗ ಸಮ ಮಾಡಿದ ಮುಖ, ಬಿಗಿ ಬಿಟ್ಟೊಡನೆ ಮತ್ತೆ ಸೊಟ್ಟಾಗುವುದು. ಮೊದಲನೆಯ ಸುತ್ತಿನಲ್ಲಿ 0.05 ಮಿಲಿಮೀಟರಿನಷ್ಟನ್ನೇ ಕಡಿದಾಗ ಮುಖದ ನಿಜವಾದ ನಕ್ಷೆ ಕಣ್ಣಿಗೆ ಬೀಳುತ್ತದೆ: ಉಪಕರಣ ತಾಗಿದೆಡೆ ಬೆಳ್ಳಿಯ ಹೊಳಪು, ತಾಗದ ತಗ್ಗುಗಳಲ್ಲಿ ಹಳೆಯ ಮಸಿಯ ಕಪ್ಪು. ಎರಡನೆಯ, ಮೂರನೆಯ ಸುತ್ತಿಗೆ ಕಪ್ಪಿನ ದ್ವೀಪಗಳು ಕುಗ್ಗುತ್ತ ಬಂದು, ಕೊನೆಗೆ ನೀರಿನ ರಂಧ್ರವೊಂದರ ಬಳಿ ಚಿಕ್ಕ ಕಲೆಯಾಗಿ ಉಳಿದು, ಅದೂ ಹೋದಾಗ ಯಂತ್ರವನ್ನು ಅಲ್ಲಿಗೇ ನಿಲ್ಲಿಸಬೇಕು. ಕಡೆಯ ಸುತ್ತನ್ನು ತೀರ ತೆಳುವಾಗಿ, ಮೆಲ್ಲನೆ, ನಡುವೆ ಎಲ್ಲಿಯೂ ತಡೆಯದೆ ಒಂದೇ ಓಟದಲ್ಲಿ ಮುಗಿಸುವುದು ಪದ್ಧತಿ. ನಡುವೆ ನಿಂತರೆ ಅಲ್ಲೊಂದು ಮೆಟ್ಟಿಲು ಬೀಳುತ್ತದೆ.

ಎಷ್ಟು ತೆಗೆಯಬಹುದೆಂಬ ಪ್ರಶ್ನೆಗೆ ಉತ್ತರ ಎಂಜಿನಿನ ರಚನೆಯಲ್ಲಿದೆ. ಹೆಡ್ಡಿನ ಮುಖ ಕಡಿದಷ್ಟೂ ಅದುಮುವಿಕೆಯ ಪ್ರಮಾಣ ಏರುತ್ತದೆಂಬ ಮಾತು ಪ್ರಚಾರದಲ್ಲಿದೆ. ದಹನದ ಕೋಣೆ ಹೆಡ್ಡಿನಲ್ಲಿಯೇ ಕೊರೆದಿರುವ ಪೆಟ್ರೋಲ್ ಎಂಜಿನುಗಳಿಗೆ ಅದು ನಿಜ. ಆದರೆ ನಾವು ಹೇಳುತ್ತಿರುವ ಬಗೆಯ ಡೀಸೆಲ್ ಎಂಜಿನಿನಲ್ಲಿ ಆ ಕೋಣೆ ಪಿಸ್ಟನ್ನಿನ ತಲೆಯಲ್ಲಿ ಬಟ್ಟಲಾಗಿ ಕೊರೆಯಲ್ಪಟ್ಟಿದೆ. ಹೆಡ್ಡಿನ ಮುಖವೋ ಬಹುಮಟ್ಟಿಗೆ ಚಪ್ಪಟೆ. ಆದುದರಿಂದ ಇಲ್ಲಿ ಅದುಮುವಿಕೆಯಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಾಗುವುದಿಲ್ಲ. ಅಪಾಯವಿರುವುದು ಬೇರೆ ಎರಡು ಕಡೆ. ಮುಖವನ್ನು ಎಷ್ಟು ಕಡಿದೆವೋ ಅಷ್ಟು ವಾಲ್ವುಗಳ ತಲೆ ಪಿಸ್ಟನ್ನಿಗೆ ಹತ್ತಿರವಾಗುತ್ತದೆ. ಪಿಸ್ಟನ್ನು ಮೇಲೆ ಬಂದಾಗ ಅದಕ್ಕೂ ಹೆಡ್ಡಿಗೂ ನಡುವೆ ಇರುವ ಅಂತರವೇ ಗ್ಯಾಸ್ಕೆಟ್ಟಿನ ದಪ್ಪದ ಆಸುಪಾಸಿನದು; ಅಷ್ಟರಲ್ಲಿ ವಾಲ್ವು ತಗುಲಿತೆಂದರೆ ಬಾಗುವುದು ಖಂಡಿತ. ಎರಡನೆಯದು, ನಾಝಲಿನ ತುದಿ. ಅದು ಮುಖದಿಂದ ಇಂತಿಷ್ಟೇ ಹೊರಚಾಚಿರಬೇಕು, ಅದರ ರಂಧ್ರಗಳಿಂದ ಹೊರಟ ಎಣ್ಣೆಯ ಎಳೆಗಳು ಬಟ್ಟಲಿನ ಗೋಡೆಯ ನಿಯತ ಸ್ಥಾನಕ್ಕೇ ಹೋಗಿ ತಾಗಬೇಕೆಂದು ವಿನ್ಯಾಸಕಾರರು ನಿರ್ಧರಿಸಿರುತ್ತಾರೆ. ಮುಖ ತಗ್ಗಿದಾಗ ತುದಿ ಹೆಚ್ಚು ಚಾಚಿ, ಸಿಂಪರಣೆ ಗುರಿತಪ್ಪಿ, ಎಣ್ಣೆ ಪೂರ್ತಿ ಉರಿಯದೆ ಕರಿಹೊಗೆಯೇಳುತ್ತದೆ. ಹೆಡ್ಡು ಚೊಕ್ಕವಾಗಿ ಬಂದಿದ್ದರೂ ಟ್ರ್ಯಾಕ್ಟರು ಹೊಗೆಯುಗುಳುತ್ತಿದೆಯೆಂದು ಪಂಪಿನ ಮೇಲೆ ದೋಷ ಹೊರಿಸುವವರು ಈ ಅಳತೆಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಈ ಕಾರಣಗಳಿಂದಲೇ ಇಂತಹ ಹೆಡ್ಡಿನಿಂದ ಅದರ ಆಯುಷ್ಯದಲ್ಲೆಲ್ಲ ಒಟ್ಟು ತೆಗೆಯಬಹುದಾದದ್ದು 0.30 ಮಿಲಿಮೀಟರಿನ ಸುಮಾರಿಗೆ ಸೀಮಿತ. ಅಂಗುಲದ ಸಾವಿರಾಂಶವನ್ನು 'ಥೌ' ಎಂದು ಎಣಿಸುವ ನಮ್ಮ ಲೇತ್ ಶಾಪುಗಳ ಲೆಕ್ಕದಲ್ಲಿ ಹನ್ನೆರಡು ಥೌ. ಒಂದೊಂದು ಸಲ ಆರು ಥೌ ಹೋದರೂ ಎರಡು ಸಂಸ್ಕಾರಗಳಿಗೆ ಹೆಡ್ಡಿನ ಬಾಳು ಮುಗಿಯಿತು. ಸಿಂಧನೂರಿನ ಮೇಸ್ತ್ರಿಯ ಮಾತಿನ ತೂಕ ಇಲ್ಲಿ ತಿಳಿಯುತ್ತದೆ.

ಯಂತ್ರದಿಂದ ಇಳಿದ ಹೆಡ್ಡಿಗೆ ಇನ್ನೂ ಕೆಲಸವುಂಟು. ರಂಧ್ರಗಳ ಹರಿತವಾದ ಅಂಚುಗಳನ್ನು ಹಗುರವಾಗಿ ಮುರಿದು, ಒಳಗಿನ ದಾರಿಗಳಲ್ಲಿ ಅಡಗಿದ ಕಬ್ಬಿಣದ ಸಿಬಿರುಗಳನ್ನು ಒತ್ತಡದ ನೀರಿನಿಂದಲೂ ಗಾಳಿಯಿಂದಲೂ ಹೊರಹಾಕಬೇಕು. ಎಣ್ಣೆಯ ದಾರಿಯಲ್ಲಿ ಒಂದು ಚೂರು ಉಳಿದರೂ ಅದು ಹೊಸ ಬೇರಿಂಗನ್ನು ಗೀರುತ್ತದೆ. ವಾಲ್ವುಗಳ ಪೀಠಗಳನ್ನು ಕಡಿದು, ವಾಲ್ವು ಮುಖಕ್ಕಿಂತ ಎಷ್ಟು ಒಳಗೆ ಕೂತಿದೆಯೆಂದು ಅಳೆದು, ಕೈಪಿಡಿಯ ಮಿತಿಗೆ ತಂದು, ಪೇಸ್ಟ್ ಹಚ್ಚಿ ಉಜ್ಜಿ, ಸೀಮೆಎಣ್ಣೆ ಹೊಯ್ದು ಸೋರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ನಾಝಲಿನ ಕೆಳಗೆ ಎರಡು ತಾಮ್ರದ ವಾಷರು ಹಾಕಿ ಚಾಚುವಿಕೆಯನ್ನು ತಗ್ಗಿಸುವ ಸುಲಭೋಪಾಯ ಬೇಡ. ಅದು ಸೋರಿಕೆಗೆ ದಾರಿ.

ಹೆಡ್ಡಿಗೆ ಇಷ್ಟೆಲ್ಲ ಉಪಚಾರ ಮಾಡಿ ಬ್ಲಾಕಿನ ಮುಖವನ್ನು ನೋಡದೆ ಬಿಡುವುದು ಅರ್ಧ ಕೆಲಸ. ಅದೇ ಸರಳಪಟ್ಟಿ, ಅದೇ ಫೀಲರ್ ಗೇಜು ಅಲ್ಲಿಯೂ ಓಡಾಡಬೇಕು. ಸ್ಟಡ್ಡುಗಳ ಬುಡದಲ್ಲಿ ಲೋಹ ಮೇಲಕ್ಕೆಳೆದುಕೊಂಡು ಸಣ್ಣ ದಿಬ್ಬವಾಗಿರುವುದು ಹಳೆಯ ಎಂಜಿನುಗಳಲ್ಲಿ ಸರ್ವೇಸಾಮಾನ್ಯ. ಅದನ್ನು ತೆಗೆಯದಿದ್ದರೆ ಗ್ಯಾಸ್ಕೆಟ್ಟು ಅಲ್ಲಿ ಎತ್ತಿಹಿಡಿದಂತಾಗಿ ಬೆಂಕಿಯ ಸುತ್ತಿನಲ್ಲಿ ಬಿಗಿ ಸಾಲದೆ ಹೋಗುತ್ತದೆ.

ಜೋಡಿಸುವಾಗ ನಟ್ಟುಗಳನ್ನು ನಡುವಿನಿಂದ ಹೊರಗೆ, ಬಿಚ್ಚಿದ ಕ್ರಮಕ್ಕೆ ವಿರುದ್ಧವಾಗಿ, ಟಾರ್ಕ್ ರೆಂಚಿನಿಂದ ಮೂರು ನಾಲ್ಕು ಹಂತಗಳಲ್ಲಿ ಬಿಗಿಯತಕ್ಕದ್ದು. ಎಂಜಿನು ಓಡಿ ಕಾದ ಮೇಲೆ ಗ್ಯಾಸ್ಕೆಟ್ಟು ಸ್ವಲ್ಪ ಕುಗ್ಗುವುದರಿಂದ, ಹಳೆಯ ಬಗೆಯ ಗ್ಯಾಸ್ಕೆಟ್ಟುಗಳಿಗೆ ಕೈಪಿಡಿ ಹೇಳಿದಂತೆ ಇನ್ನೊಮ್ಮೆ ಬಿಗಿಯಬೇಕು. ಹೆಡ್ಡು ತುಸು ಕೆಳಗಿಳಿದಿರುವ ಕಾರಣ ಟ್ಯಾಪೆಟ್ಟುಗಳ ಅಂತರವನ್ನೂ ಆಗ ಮತ್ತೆ ಹೊಂದಿಸಬೇಕು. ರೇಡಿಯೇಟರನ್ನು ತೊಳೆಸದೆ, ಹೊಪ್ಪಳೆ ತೆಗೆಸದೆ, ಥರ್ಮೋಸ್ಟ್ಯಾಟನ್ನೂ ಪಂಪನ್ನೂ ನೋಡದೆ ಟ್ರ್ಯಾಕ್ಟರನ್ನು ಗದ್ದೆಗೆ ಇಳಿಸಿದರೆ, ಹೆಡ್ಡನ್ನು ಸೊಟ್ಟಾಗಿಸಿದ ಕಾವು ಅಲ್ಲಿಯೇ ಕಾದು ಕುಳಿತಿರುತ್ತದೆ.

ನಮ್ಮ ಲೇತ್ ಶಾಪುಗಳವರಲ್ಲಿ ಒಂದು ಬಿನ್ನಹ ಮಾತ್ರ ಉಳಿದಿದೆ. ಎಷ್ಟು ತೆಗೆದೆವೆಂಬುದನ್ನೂ ತಿಂಗಳು ವರ್ಷಗಳನ್ನೂ ಹೆಡ್ಡಿನ ಪಕ್ಕದಲ್ಲಿ, ಗ್ಯಾಸ್ಕೆಟ್ಟು ಕೂರದ ಕಡೆ, ಅಂಕಿಯ ಅಚ್ಚಿನಿಂದ ಒತ್ತಿಬಿಡುವ ಪರಿಪಾಠವನ್ನು ಅವರು ಇಟ್ಟುಕೊಂಡರೆ ಬಹಳ ಉಪಕಾರವಾಗುತ್ತದೆ. ಹಳೆಯ ಟ್ರ್ಯಾಕ್ಟರುಗಳು ಕೈಯಿಂದ ಕೈಗೆ, ತಾಲ್ಲೂಕಿನಿಂದ ತಾಲ್ಲೂಕಿಗೆ ಮಾರಾಟವಾಗುತ್ತ ಹೋಗುತ್ತವೆ. ಹತ್ತು ವರ್ಷಗಳ ಮೇಲೆ ಇನ್ನಾವುದೋ ಊರಿನ ಮೇಸ್ತ್ರಿಯ ಮೇಜಿನ ಮೇಲೆ ಅದೇ ಹೆಡ್ಡು ಬಂದಾಗ, ಇನ್ನು ಆರು ಥೌ ತೆಗೆಯಲು ಎಡೆಯಿದೆಯೋ ಇಲ್ಲವೋ ಎಂಬುದು ಆ ಅಂಕಿಯನ್ನು ಓದಿದೊಡನೆ ಅವನಿಗೆ ತಿಳಿದುಹೋಗುತ್ತದೆ.